ಅಪ್ಪನ ಟೇಪು, ಸ್ಕಾಟ್ಲೆಂಡಿನ ಪಾರ್ಲಿಮೆಂಟು

ಅಪ್ಪ 32 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷವಾಯಿತು, ಆದರೂ ಕೀ ಗೊಂಚಲಿನಲ್ಲಿ ಒಂದು ಪುಟಾಣಿ ಸ್ಟೀಲ್ ಟೇಪು ನೇತಾಡುತ್ತಲೇ ಇರುತ್ತದೆ. ಅಂಥವರನ್ನು ಎಡಿನ್‌ಬರೋಗೆ ಕರೆದುಕೊಂಡು ಹೋದರೆ ಬರೀ ಕೋಟೆ ತೋರಿಸಿ ಮುಗಿಸೋಕಾಗುತ್ತಾ? ಕೋಟೆ ನೋಡಿ ಹೊರಗೆ ಬರುತ್ತಿದ್ದ ಹಾಗೆ ಕೇಳಿದರು, "ಇವರ ವಿಧಾನಸೌಧ ಎಲ್ಲಿದೆಯೋ?"

ಈ ಬೀದಿಯ ಕೆಳಗಿನ ತುದಿಯಲ್ಲೇ ಇದೆ ಅಂದೆ. ಆದರೆ ಅಷ್ಟಕ್ಕೆ ಬಿಡದೆ, "ನೋಡೋಕೇನೂ ಇಲ್ಲ, ವಿಚಿತ್ರವಾಗಿದೆ, ದುಡ್ಡು ಸುರಿದು ಕೆಡಿಸಿದ್ದಾರೆ" ಅಂತಲೂ ಸೇರಿಸಿದೆ. ನಾನು ಗ್ಲಾಸ್ಗೋದಲ್ಲಿದ್ದು ನಾಲ್ಕು ವರ್ಷವಾಗಿತ್ತು. ಆ ಕಟ್ಟಡದ ಒಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಅದರ ಮಾತೆತ್ತಿದರೆ ಉಳಿದವರೆಲ್ಲ ತಲೆ ಅಲ್ಲಾಡಿಸಿ ಖರ್ಚಿನ ಲೆಕ್ಕ ಹೇಳೋರು, ಅದನ್ನೇ ಕೇಳಿ ಕೇಳಿ ನನಗೂ ಒಂದು ಅಭಿಪ್ರಾಯ ಬಂದುಬಿಟ್ಟಿತ್ತು, ಪುಕ್ಕಟೆಯಾಗಿ.

ಕೋಟೆಯಿಂದ ಇಳಿಯುವ ರಾಯಲ್ ಮೈಲ್ ಬೀದಿ ಉದ್ದಕ್ಕೂ ಹಳೆಯ ಕಪ್ಪುಕಲ್ಲಿನ ಮನೆಗಳು. ಕೊನೆಯಲ್ಲಿ ಹೋಲಿರೂಡ್ ಅರಮನೆ, ಅದರ ಹಿಂದೆ ಆರ್ಥರ್ಸ್ ಸೀಟ್ ಅನ್ನೋ ಗುಡ್ಡ. ಅರಮನೆಯ ಎದುರಿಗೇ ಈ ಪಾರ್ಲಿಮೆಂಟು. ಮುಂಭಾಗ ಎಲ್ಲಿ, ಬಾಗಿಲು ಎಲ್ಲಿ ಅಂತ ಹುಡುಕಬೇಕು. ನೇರ ಗೆರೆ ಅನ್ನೋದೇ ಕಮ್ಮಿ. ಗೋಡೆಯ ಮೇಲೆ, ಕಿಟಕಿಗಳ ಪಕ್ಕದಲ್ಲಿ ಕಪ್ಪು ಗ್ರಾನೈಟಿನ ವಕ್ರವಕ್ರ ಹಲಗೆಗಳನ್ನು ಅಂಟಿಸಿದ್ದಾರೆ. ಹೇರ್ ಡ್ರೈಯರ್ ಅನ್ನುವವರಿದ್ದಾರೆ, ಪಕ್ಕಕ್ಕೆ ಸರಿಸಿದ ಪರದೆ ಅನ್ನುವವರಿದ್ದಾರೆ, ಸ್ಕಾಟ್ಲೆಂಡಿನ ಒಂದು ಹೆಸರಾಂತ ಪೇಂಟಿಂಗಿನಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಪಾದ್ರಿಯ ಆಕಾರ ಅನ್ನುವವರೂ ಇದ್ದಾರೆ. ಅಮ್ಮ ಒಂದು ನಿಮಿಷ ನೋಡಿ, "ಮೊರ ನೇತುಹಾಕಿದ ಹಾಗಿದೆ" ಅಂದರು. ಅದಾದ ಮೇಲೆ ನನಗೆ ಮೊರ ಬಿಟ್ಟು ಬೇರೇನೂ ಕಾಣಲಿಲ್ಲ.

ಪಕ್ಕದಲ್ಲೇ ಒಬ್ಬ ಅಜ್ಜ ನಾಯಿ ಹಿಡಿದುಕೊಂಡು ನಿಂತಿದ್ದರು. ಅಪ್ಪನಿಗೆ ಯಾರ ಜೊತೆಯಾದರೂ ಮಾತಾಡಲೇಬೇಕು. ಹೇಗಿದೆ ನಿಮ್ಮ ಪಾರ್ಲಿಮೆಂಟು ಅಂತ ಕೇಳಿಯೇ ಬಿಟ್ಟರು. ಆ ಅಜ್ಜ ಹೇಳಿದ್ದು ಇಷ್ಟೇ: ಹೊರಗಿಂದ ದ್ವೇಷಿಸುತ್ತೇನೆ, ಒಳಗೆ ಹೋದರೆ ಇಷ್ಟಪಡುತ್ತೇನೆ, ಅದಕ್ಕೇ ಒಳಗೆ ಹೋಗೋದು ಬಿಟ್ಟಿದ್ದೇನೆ.

ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಆದರೆ ವಿಮಾನ ನಿಲ್ದಾಣದ ಹಾಗೆ ತಪಾಸಣೆ ಇದೆ. ಅಲ್ಲಿ ಅಪ್ಪನ ಕೀ ಗೊಂಚಲು ಟ್ರೇನಲ್ಲಿ ಹೋಗಿ, ಸಿಬ್ಬಂದಿಯ ಕೈಗೆ ಆ ಟೇಪು ಸಿಕ್ಕಿತು. ಆತ ಅದನ್ನು ಎಳೆದ, ಬಿಟ್ಟ, ಅದು ಟಪ್ ಅಂತ ಒಳಗೆ ಹೋಯಿತು. ಅಳೆಯೋಕೆ ಬಂದಿದ್ದೀರಾ ಅಂತ ನಕ್ಕ. ಅಪ್ಪ ಗಂಭೀರವಾಗಿ "ಯೆಸ್" ಅಂದರು. ನನಗೆ ಎದೆ ಧಸಕ್ ಅಂತು. ಪುಣ್ಯಕ್ಕೆ ವಾಪಸ್ ಕೊಟ್ಟ.

ಕೆಳಗಿನ ಹಾಲ್‌ನಲ್ಲಿ ಛಾವಣಿ ತಗ್ಗು, ಬರಿಯ ಕಾಂಕ್ರೀಟು. ಅದರಲ್ಲಿ ಅವರ ಬಾವುಟದ ಓರೆ ಶಿಲುಬೆಯ ಗುರುತು ಕೊರೆದಿದ್ದಾರೆ. ಅಪ್ಪ ಒಂದು ಕಡೆ ನಿಂತು ಕಾಂಕ್ರೀಟಿನ ಮೈಯನ್ನು ಅಂಗೈಯಿಂದ ಸವರಿ, "ಫಿನಿಶಿಂಗ್ ನೋಡೋ, ಗಾರೆಯೇ ಬಳಿದಿಲ್ಲ" ಅಂದರು. ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಹೇಗೆ ಬಂತೋ ಹಾಗೇ ಬಿಟ್ಟಿದ್ದಾರೆ, ಅದನ್ನು ಹಾಗೆ ಬಿಡೋಕೆ ಧೈರ್ಯ ಬೇಕು ಅನ್ನೋದು ಅವರ ವಾದ.

ಮೇಲೆ ಸಭಾಂಗಣ. ಅವತ್ತು ಕಲಾಪ ಇರಲಿಲ್ಲ, ಗ್ಯಾಲರಿಯಲ್ಲಿ ಕೂರಬಹುದಿತ್ತು. ಸದಸ್ಯರು 129 ಮಂದಿ. ಲಂಡನ್ನಿನ ಹಾಗೆ ಎದುರುಬದುರು ಸಾಲಲ್ಲ, ಅರ್ಧಚಂದ್ರದ ಹಾಗೆ ಕೂರುತ್ತಾರೆ. ನನಗೆ ಅಷ್ಟೇ ಕಂಡಿದ್ದು. ಅಪ್ಪ ತಲೆ ಎತ್ತಿದವರು ಇಳಿಸಲೇ ಇಲ್ಲ. 30 ಮೀಟರಿಗಿಂತ ಜಾಸ್ತಿ ಅಗಲ, ನಡುವೆ ಒಂದು ಕಂಬವೂ ಇಲ್ಲ. ಓಕ್ ಮರದ ತೊಲೆಗಳು ಒಂದಕ್ಕೊಂದು ಸೇರುವಲ್ಲೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ಗಂಟುಗಳು. ಅಂಥ ಗಂಟು ಒಟ್ಟು 112, ಒಂದರ ಹಾಗೆ ಇನ್ನೊಂದಿಲ್ಲ. "ಒಂದರ ಹಾಗೆ ಇನ್ನೊಂದಿಲ್ವಾ? ಹಾಗಾದ್ರೆ 112 ಡ್ರಾಯಿಂಗ್ ಬೇಕಲ್ಲೋ! ಕಂಟ್ರಾಕ್ಟರ್ ಎಷ್ಟು ಸಲ ಅತ್ತಿರಬೇಕು" ಅಂತ ಅಪ್ಪ ಪಿಸುಗುಟ್ಟಿದರು, ಆದರೆ ಅವರ ಪಿಸುಮಾತು ಇಡೀ ಗ್ಯಾಲರಿಗೆ ಕೇಳುತ್ತೆ. 2006ರ ಮಾರ್ಚ್‌ನಲ್ಲಿ ಚರ್ಚೆ ನಡೆಯುತ್ತಿದ್ದಾಗಲೇ ಮೇಲಿನ ಒಂದು ತೊಲೆ ಬಿಟ್ಟುಕೊಂಡು ಜೋತಾಡಿತ್ತು ಅಂತ ಹೇಳಿದೆ. ಅಮ್ಮ ತಕ್ಷಣ ಎದ್ದು ಹಿಂದಿನ ಸಾಲಿಗೆ ಹೋದರು.

ಕೆಫೆಯಲ್ಲಿ ಕಾಫಿ ಹಿಡಿದು ಕೂತಾಗ ದುಡ್ಡಿನ ಕಥೆ ಹೇಳಿದೆ. 1997ರಲ್ಲಿ ಇದಕ್ಕೆ 1ರಿಂದ 4 ಕೋಟಿ ಪೌಂಡ್ ಅಂದಿದ್ದರು. ಮುಗಿಯುವಾಗ 41 ಕೋಟಿ ದಾಟಿತ್ತು. 2001ಕ್ಕೆ ಮುಗಿಯಬೇಕಿದ್ದದ್ದು ಮುಗಿದದ್ದು 2004ಕ್ಕೆ. ವಿನ್ಯಾಸ ಮಾಡಿದ ಎನ್ರಿಕ್ ಮಿರಾಯೆಸ್, ಬಾರ್ಸಿಲೋನಾದವರು, 2000ದ ಜುಲೈನಲ್ಲಿ 45ನೇ ವಯಸ್ಸಿಗೇ ತೀರಿಕೊಂಡರು. ಈ ಕಟ್ಟಡ ಬೇಕೇ ಬೇಕು ಅಂತ ಹಠ ಹಿಡಿದಿದ್ದ ಸ್ಕಾಟ್ಲೆಂಡಿನ ಮೊದಲ ಫಸ್ಟ್ ಮಿನಿಸ್ಟರ್ (ಅಂದರೆ ಅಲ್ಲಿನ ಮುಖ್ಯಮಂತ್ರಿ) ಡೊನಾಲ್ಡ್ ಡ್ಯೂವರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಹೋದರು. ಇಬ್ಬರೂ ಇದನ್ನು ನೋಡಲಿಲ್ಲ. ಆಮೇಲೆ ದೊಡ್ಡ ತನಿಖೆ ಆಯಿತು. ಆಮೇಲೆ, 2005ರಲ್ಲಿ, ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿ ಸ್ಟರ್ಲಿಂಗ್ ಪ್ರೈಜ್ ಕೂಡ ಇದಕ್ಕೇ ಬಂತು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಡ್ರಾಯಿಂಗ್ ಮುಗಿಯೋ ಮುಂಚೆ ಕೆಲಸ ಶುರು ಮಾಡಿದ್ರಾ?"

ಹೌದು. ಅದೇ ಆಗಿದ್ದು.

"ಮತ್ತೆ! ಎಸ್ಟಿಮೇಟ್ ತಪ್ಪಲಿಲ್ಲ ಕಣೋ, ಎಸ್ಟಿಮೇಟೇ ಇರಲಿಲ್ಲ."

ನಮ್ಮ ಕೆಂಗಲ್ ಹನುಮಂತಯ್ಯನವರ ನೆನಪು ಬಂದೇ ಬಂತು. ವಿಧಾನಸೌಧದ ಖರ್ಚಿನ ಮೇಲೂ ತನಿಖೆ ನಡೆದಿತ್ತಲ್ವಾ. 1956ರಲ್ಲಿ ಅದು ಸಿದ್ಧವಾಗುವ ಹೊತ್ತಿಗೆ ಅವರೇ ಮುಖ್ಯಮಂತ್ರಿಯಾಗಿ ಉಳಿದಿರಲಿಲ್ಲ. ಈಗ ಆ ಖರ್ಚಿನ ಮಾತು ಯಾರೂ ಆಡಲ್ಲ, ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅಪ್ಪನಿಗೆ ಅವೆರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ಮನಸ್ಸಿರಲಿಲ್ಲ. ವಿಧಾನಸೌಧ ಒಂದು ಫರ್ಲಾಂಗಿನಿಂದಲೇ ತಾನು ಯಾರು ಅಂತ ಹೇಳುತ್ತೆ, ಇದು ಹತ್ತಿರ ಬಂದರೂ ಹೇಳಲ್ಲ ಅಂದರು. ಸರಿಯಾದ ಮಾತೇ. ನನಗೂ ಹೊರಗಿನ ರೂಪ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ಆ ಮೊರಗಳಿಲ್ಲದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಎರಡು ವಿಷಯ ಕಂಡವು. ಒಂದು, ಸದಸ್ಯರ ಕೊಠಡಿಗಳ ಕಿಟಕಿಗಳು. ಗೋಡೆಯಿಂದ ಡಬ್ಬಿಯ ಹಾಗೆ ಹೊರಗೆ ಚಾಚಿಕೊಂಡಿವೆ. ಕೊಠಡಿಗೆ ಒಂದೊಂದು, ಒಳಗೆ ಕಾಲು ಮಡಚಿಕೊಂಡು ಕೂತು ಯೋಚಿಸೋಕೆ ಅಂತಲೇ ಜಾಗ. "ಜಗಲಿ!" ಅಂದರು ಅಮ್ಮ. ಇನ್ನೊಂದು, ಬೀದಿಯ ಕಡೆಯ ಗೋಡೆ. ಬೇರೆ ಬೇರೆ ಊರಿನ ಕಲ್ಲುಗಳನ್ನು ಅದರಲ್ಲಿ ಕೂರಿಸಿ ಮಾತುಗಳನ್ನು ಕೆತ್ತಿದ್ದಾರೆ. ಒಂದು ಕಲ್ಲಿನ ಮಾತು ಹಳೆಯ ಸ್ಕಾಟ್ಸ್ ಭಾಷೆಯಲ್ಲಿದೆ. ಹಿಂದೆ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಇದ್ದ ಕಾಲದಲ್ಲಿ ಅದರ ಸದಸ್ಯರು ಸರಿಯಾಗಿ ನಡೆದುಕೊಳ್ಳದಿದ್ದರೆ ಕಲ್ಲಾದರೂ ಹೊಡೆಯಬಹುದಿತ್ತು ಅನ್ನೋ ಅರ್ಥ. ಪಾರ್ಲಿಮೆಂಟಿನ ಗೋಡೆಯ ಮೇಲೇ! ಅಪ್ಪ ಮೂರು ಸಲ ಅರ್ಥ ಹೇಳಿಸಿಕೊಂಡರು. ಆಮೇಲೆ ಟೇಪು ತೆಗೆದು ಆ ಕಲ್ಲಿನ ಉದ್ದ ಅಳೆದರು. ಯಾಕೆ ಅಂತ ಕೇಳಲಿಲ್ಲ.

ಸ್ಟೇಷನ್ ಕಡೆ ಹೊರಟಾಗ ಮತ್ತೆ ಅನುಮಾನ ಬಂತು. "ಸರಿ, ಫೈಲು ಎಲ್ಲಿ ಓಡಾಡುತ್ತೆ? ಸೆಕ್ರೆಟೇರಿಯಟ್ ಇದರೊಳಗೇನಾ?" ಒಳ್ಳೆ ಪ್ರಶ್ನೆ. ಇಲ್ಲಿ ಸರ್ಕಾರದ ಮುಖ್ಯ ಕಚೇರಿ ಬೇರೆ, ಕಾಲ್ಟನ್ ಹಿಲ್ ಪಕ್ಕದ ಸೇಂಟ್ ಆಂಡ್ರೂಸ್ ಹೌಸ್. ಸ್ಟೇಷನ್‌ಗೆ ಹತ್ತಿರವೇ, ಸುತ್ತು ಹಾಕಿ ಆ ದಾರಿಯಲ್ಲೇ ಹೋದೆವು. 1939ರ ಕಟ್ಟಡ, ಉದ್ದಕ್ಕೆ, ಬಿಗಿಯಾಗಿ, ಮುಖ ಗಂಟಿಕ್ಕಿಕೊಂಡು ನಿಂತಿದೆ. ಪ್ರವಾಸಿಗಳು ಒಬ್ಬರೂ ಇಲ್ಲ. ಯಾರೂ ಬೈಯಲ್ಲ, ಯಾರೂ ಫೋಟೋ ತೆಗೆಯಲ್ಲ. ಅಪ್ಪನಿಗೆ ನೋಡಿದ ಕೂಡಲೇ ಸಮಾಧಾನವಾಯಿತು. "ಇದು ನೋಡು ಆಫೀಸು."

ಮೊದಲು ಈ ಜಾಗದಲ್ಲಿ ಜೈಲಿತ್ತು ಅಂತ ಹೇಳಿದೆ. ಅಪ್ಪ ನಿಂತರು. ವಿಧಾನಸೌಧ ಕಟ್ಟುವಾಗ ಕೈದಿಗಳನ್ನೂ ಕೆಲಸಕ್ಕೆ ಹಚ್ಚಿದ್ದರಲ್ಲ.

"ನಮ್ಮದನ್ನು ಜೈಲಿನವರು ಕಟ್ಟಿದ್ರು, ಇವರು ಜೈಲಿನ ಮೇಲೇ ಕಟ್ಟಿದ್ರು" ಅಂತ ನಕ್ಕರು.

ಅಮ್ಮ ಅಷ್ಟರಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿದ್ದರು. ಟ್ರೈನ್ ಎಷ್ಟೊತ್ತಿಗೆ ಅಂತ ಅಲ್ಲಿಂದಲೇ ಕೂಗಿ ಕೇಳಿದರು.