ಟ್ಯೂಬಿಂಗನ್‌ನಲ್ಲಿ ಕಂಡ ಕತ್ತರಿ ಕೈಚಳಕ

ಜರ್ಮನಿಯ ಟ್ಯೂಬಿಂಗನ್‌ಗೆ ಹೋಗಿದ್ದು ಕಿಟ್ಟೆಲ್ ಅವರ ಮೇಲಿನ ಅಭಿಮಾನದಿಂದ. 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟವರು 1903ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ. ನೆಕ್ಕರ್ ಹೊಳೆ, ಕವಿ ಹೋಲ್ಡರ್ಲಿನ್ ಇದ್ದ ಗೋಪುರ ಎಲ್ಲ ನೋಡಿಯಾಯ್ತು. ಚೆನ್ನಾಗಿವೆ, ಆದರೆ ಸೇತುವೆ ಮೇಲೆ ಫೋಟೊ ತೆಗೆಯುವವರ ನೂಕುನುಗ್ಗಲು ನನಗೆ ಹಿಡಿಸಲಿಲ್ಲ. ಹಳೇ ಪೇಟೆಯ ನಗರ ಮ್ಯೂಸಿಯಂ ಹೊಕ್ಕೆ. ಆಮೇಲೆ ಆ ದಿನವೆಲ್ಲ, ಕಪ್ಪು ಕಾಗದ ಕತ್ತರಿಸಿ ನೆರಳುಗೊಂಬೆಗಳ ಅನಿಮೇಷನ್ ಸಿನಿಮಾ ಮಾಡಿದ ಲಾಟೆ ರೈನಿಗರ್ ಪಾಲಾಯಿತು.

ಗಾಜಿನೊಳಗೆ ಕಪ್ಪು ಕಾಗದದ ಒಬ್ಬ ರಾಜಕುಮಾರ. ಬಗ್ಗಿ ನೋಡಿದರೆ ತಲೆ, ಕತ್ತು, ಎದೆ, ತೋಳು, ಅಂಗೈ ಎಲ್ಲ ಬೇರೆಬೇರೆ ತುಂಡು. ಕೀಲಿಗೊಂದು ಸಣ್ಣ ತಂತಿ. ಇಂಥವನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ, ಕೆಳಗಿಂದ ದೀಪ ಹಾಕಿ, ಮೇಲೆ ಕ್ಯಾಮೆರಾ ನಿಲ್ಲಿಸಿ, ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಇನ್ನಷ್ಟು ಸರಿಸಿ ಇನ್ನೊಂದು ಚಿತ್ರ. 'ರಾಜಕುಮಾರ ಅಹಮದನ ಸಾಹಸಗಳು' ಹೀಗೇ ಆಯಿತು. ಒಂದು ಗಂಟೆ ಚಿಲ್ಲರೆ ಸಿನಿಮಾಕ್ಕೆ ಮೂರು ವರ್ಷ! ದುಡ್ಡು ಹಾಕಿದ್ದು ಲೂಯಿಸ್ ಹಾಗೆನ್ ಎಂಬ ಬ್ಯಾಂಕರ್. ಪಾಟ್ಸ್‌ಡಾಮ್‌ನಲ್ಲಿ ಅವರ ಗ್ಯಾರೇಜಿನ ಮೇಲಿನ ಅಟ್ಟವೇ ಸ್ಟುಡಿಯೊ. ಕ್ಯಾಮೆರಾ ನೋಡಿಕೊಂಡಿದ್ದು ಗಂಡ ಕಾರ್ಲ್ ಕಾಖ್. 1926ರಲ್ಲಿ ತೆರೆ ಕಂಡಿತು. ಡಿಸ್ನಿಯ 'ಸ್ನೋ ವೈಟ್' ಬಂದಿದ್ದು 1937ರಲ್ಲಿ. ಆದರೂ ಉದ್ದದ ಅನಿಮೇಷನ್ ಅಂದರೆ ಎಲ್ಲರ ಬಾಯಲ್ಲೂ ಡಿಸ್ನಿ ಹೆಸರೇ. ಇದು ನನಗೆ ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ.

ಅಲ್ಲಿದ್ದ ವಯಸ್ಸಾದ ಮಹಿಳೆಯೊಬ್ಬರನ್ನು ಕೇಳಿದೆ: "ಮೊದಲು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಳ್ಳುತ್ತಿದ್ದರಾ?"

"ಹೆಚ್ಚಾಗಿ ಇಲ್ಲ. ಕತ್ತರಿ ಹಿಡಿದ ಕೈ ಅಲುಗಾಡಿಸುತ್ತಿರಲಿಲ್ಲ. ಇನ್ನೊಂದು ಕೈಯಲ್ಲಿ ಕಾಗದ ತಿರುಗಿಸುತ್ತಿದ್ದರು, ನೋಡಿ ಹೀಗೆ" ಅಂತ ಆಕೆ ಬರಿಗೈಯಲ್ಲೇ ತೋರಿಸಿದರು.

ಆಕೆಯಿಂದಲೇ ಉಳಿದ ಕಥೆಯೂ ಗೊತ್ತಾಯಿತು. ಲಾಟೆ ಹುಟ್ಟಿದ್ದು 1899ರಲ್ಲಿ, ಬರ್ಲಿನ್‌ನಲ್ಲಿ. ಹಿಟ್ಲರ್ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ದೇಶ ಬಿಟ್ಟು ಅಲೆದರು. ಯುದ್ಧದ ನಡುವೆ ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಲಾಟೆ ಬರ್ಲಿನ್‌ಗೇ ವಾಪಸಾದರು. ಆಮೇಲೆ ಲಂಡನ್. ಕೊನೆಗಾಲ ಟ್ಯೂಬಿಂಗನ್ ಪಕ್ಕದ ಡೆಟೆನ್‌ಹೌಸನ್‌ನಲ್ಲಿ. ಅಲ್ಲೇ 1981ರಲ್ಲಿ ತೀರಿಕೊಂಡರು.

"ನಿಮ್ಮ ಕಡೆ ನೆರಳಿನ ಆಟ ಇದೆಯಾ?" ಅಂತ ಕೇಳಿದರು. ತೊಗಲುಗೊಂಬೆಯಾಟದ ಒಂದು ವಿಡಿಯೊ ಮೊಬೈಲಲ್ಲಿ ತೋರಿಸಿದೆ. ಕೆಂಪು ಹಸಿರಿನ ರಾಮ ಬಂದದ್ದೇ ತಡ, "ನೆರಳಿಗೂ ಬಣ್ಣವಾ?" ಅಂದರು. ಚರ್ಮವನ್ನು ತೆಳುವಾಗಿ ಹದ ಮಾಡುತ್ತಾರೆ, ಅದಕ್ಕೇ ಬೆಳಕು ಹಾಯುತ್ತದೆ, ಬಣ್ಣ ಪರದೆ ಮೇಲೆ ಬೀಳುತ್ತದೆ ಅಂದೆ. ಕೀಲು ಹೇಗೆ ಕಟ್ಟುತ್ತಾರೆ ಅಂತ ಮತ್ತೆ ಮತ್ತೆ ಕೇಳಿದರು. ದಾರದಲ್ಲಿ ಅಂದೆ. ವಿಡಿಯೊ ಇನ್ನೊಮ್ಮೆ ಹಾಕಿಸಿಕೊಂಡು, ಬರೀ ರಾಮನ ಮೊಣಕೈಯನ್ನೇ ನೋಡಿದರು.

ಹೋಗುವವರಿಗೆ ಒಂದು ಮಾತು: ಸೋಮವಾರ ಮ್ಯೂಸಿಯಂ ಬಾಗಿಲು ತೆರೆಯುವುದಿಲ್ಲ. ಸ್ಟುಟ್‌ಗಾರ್ಟ್‌ನಿಂದ ಬರುವುದಾದರೆ ಬೆಳಿಗ್ಗೆಯೇ ಹೊರಡಿ. ನಾನು ಹತ್ತಬೇಕಿದ್ದ ರೈಲು ಕೊನೇ ಗಳಿಗೆಯಲ್ಲಿ ರದ್ದಾಗಿ, ಪ್ಲಾಟ್‌ಫಾರ್ಮಿನಲ್ಲೇ ಅರ್ಧ ಬೆಳಗು ಹಾಳಾಯಿತು. ಆ ಹೊತ್ತು ಸಿಕ್ಕಿದ್ದರೆ ಡೆಟೆನ್‌ಹೌಸನ್‌ಗೂ ಹೋಗಿಬರಬಹುದಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.