ಮೆಕ್ಕೆಜೋಳದ ವ್ಯಾಪಾರಿಗೆ ಹಳೇ ಕಾಗದ ಯಾಕೆ?

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನನ್ನದು ಮೆಕ್ಕೆಜೋಳದ ದಲಾಲಿ ಅಂಗಡಿ. ಗಾದಿ ಹಿಂದಿನ ಬೀರುವಿನಲ್ಲಿ ಲೆಕ್ಕದ ಪುಸ್ತಕಗಳ ಪಕ್ಕದಲ್ಲೇ ಅಂಚೆಚೀಟಿ, ಹಳೇ ಕವರು, ಪೋಸ್ಟ್ ಕಾರ್ಡುಗಳ ಆಲ್ಬಂ ಇಟ್ಟಿದ್ದೇನೆ. ನೋಡಿದವರೆಲ್ಲ ಕೇಳುವುದು ಒಂದೇ ಮಾತು. "ಸಾವ್ಕಾರ್ರೇ, ಇದ್ರಾಗೆ ನಿಮಗೇನ್ ಲಾಭ ಐತ್ರಿ?" ಮಾಲು ತಂದ ರೈತರೂ ಕೇಳುತ್ತಾರೆ, ಲಾರಿಯವರೂ ಕೇಳುತ್ತಾರೆ, ಮನೆಗೆ ಬಂದ ಬೀಗರೂ ಕೇಳುತ್ತಾರೆ. ವ್ಯಾಪಾರಸ್ಥ ಅಂದ ಮೇಲೆ ಲಾಭದ ಮಾತು ಬಂದೇ ಬರುತ್ತದೆ, ತಪ್ಪೇನಿಲ್ಲ. ತೂಕದ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಮೊದಲು ಮುಗಿಸೋಣ. ಹಳೇದಾದರೆ ಸಾಕು, ಲಕ್ಷಗಟ್ಟಲೆ ಬೆಲೆ ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಗಾಂಧೀಜಿ ನೆನಪಿಗೆ 1948ರ ಆಗಸ್ಟ್ 15ರಂದು ಬಂದ ನಾಲ್ಕು ಚೀಟಿಗಳನ್ನೇ ತಗೊಳ್ಳಿ. 10 ರೂಪಾಯಿಯದಕ್ಕೆ ಒಳ್ಳೆ ಬೆಲೆ ಇದೆ, ಒಂದೂವರೆ ಆಣೆಯದು ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಎರಡೂ ಒಂದೇ ದಿನ ಬಂದವು. ಆದರೆ ಆ ಕಾಲದಲ್ಲಿ 10 ರೂಪಾಯಿ ಕೊಟ್ಟು ಒಂದು ಚೀಟಿ ಕೊಳ್ಳುವವರು ಎಷ್ಟು ಜನ ಇದ್ದರು ಹೇಳಿ. ಉಳಿದಿರುವುದು ಎಷ್ಟು, ಬೇಕು ಅನ್ನುವವರು ಎಷ್ಟು, ಅದರ ಮೇಲೆ ಬೆಲೆ ನಿಲ್ಲುತ್ತದೆ. ಯಾರ್ಡಿನಲ್ಲಿ ಕೂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನು ಜಾಸ್ತಿ ಹುಡುಕುವುದು ಅಂಥ ಚೀಟಿಗಳನ್ನಲ್ಲ. ನಮ್ಮ ಸೀಮೆಯ ಊರುಗಳ ಸೀಲು ಬಿದ್ದ ಕವರು, ಕಾರ್ಡುಗಳನ್ನು. ಅವನ್ನು ನಾಳೆ ಮಾರಿದರೆ ಹಾಕಿದ ದುಡ್ಡು ವಾಪಸ್ ಬಂದರೆ ಹೆಚ್ಚು.

ಮತ್ತೆ ಯಾಕೆ? ಚಿತ್ರದುರ್ಗದವರಿಗೆ ಕೋಟೆ ಇದೆ. ಆ ಏಳು ಸುತ್ತು ನೋಡಿಬಂದ ಮಗುವಿಗೂ ಪಾಳೆಗಾರರ ಕಥೆ ಗೊತ್ತಿರುತ್ತದೆ. ಪಕ್ಕದ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿ ಇದೆ. ದಾವಣಗೆರೆ ವ್ಯಾಪಾರದಿಂದಲೇ ಬೆಳೆದ ಊರು. ಹೈದರಾಲಿ ಇದನ್ನು ಆಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಾಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ ಅಂತ ಹಳೇ ಗೆಜೆಟಿಯರಿನಲ್ಲಿದೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಈಗಿನ ತಮಿಳುನಾಡಿನ ವಾಲಾಜಾಪೇಟೆಯವರೆಗೆ ಹೋಗುತ್ತಿತ್ತು. ಆಮೇಲೆ ಹತ್ತಿ ಮಿಲ್ಲು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಯಿತು, ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಇದೆಲ್ಲ ನಡೆದದ್ದು ಕಾಗದದ ಮೇಲೆ. ಯಾರು ಯಾರಿಗೆ ಮಾಲು ಕಳಿಸಿದರು, ಯಾವ ಊರಿನ ಜೊತೆ ವ್ಯವಹಾರ ಇತ್ತು, ಉತ್ತರ ಬರಲು ಎಷ್ಟು ದಿನ ಹಿಡಿಯುತ್ತಿತ್ತು, ಎಲ್ಲ ಆ ಕಾಗದಗಳಲ್ಲೇ ಇದೆ. ಚೌಕಿಪೇಟೆ, ಮಂಡಿಪೇಟೆಯ ಹಳೇ ಅಂಗಡಿ ರಿಪೇರಿಗೆ ತೆಗೆದಾಗಲೆಲ್ಲ ಅಟ್ಟದ ಮೇಲಿನ ಕಾಗದದ ಕಟ್ಟು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದು ನನಗೆ ಸಹಿಸಲು ಆಗುವುದಿಲ್ಲ. ಇಷ್ಟೇ ಕಾರಣ.

ನನ್ನ ಹತ್ತಿರ ಇರುವ ಒಂದು ಕಾರ್ಡಿನ ಬಗ್ಗೆ ಹೇಳುತ್ತೇನೆ. 1961ರದು, 5 ನಯಾ ಪೈಸೆಯ ಪೋಸ್ಟ್ ಕಾರ್ಡು, ಚಳ್ಳಕೆರೆಯಿಂದ ದಾವಣಗೆರೆಗೆ ಬಂದದ್ದು. ನಟ್ಟನಡುವೆ ಒಂದು ತೂತು, ಸುತ್ತ ತುಕ್ಕಿನ ಕಲೆ. ಆಗೆಲ್ಲ ಗುಮಾಸ್ತರು ಬಂದ ಕಾಗದವನ್ನು ಓದಿ ತಂತಿಗೆ ಚುಚ್ಚಿ ಇಡುತ್ತಿದ್ದರು, ಆ ತೂತು ಅದರದು. ಮೇಲೆ 'ಶ್ರೀ'. ಕೆಳಗೆ 'ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು'. ಮುಂದಿನ ಸಾಲಿನಿಂದಲೇ ವ್ಯವಹಾರ ಶುರು: ಶೇಂಗಾ ಆವಕ ಜೋರಾಗಿದೆ, ಧಾರಣೆ ಇನ್ನೂ ಇಳಿಯುವ ಅಂದಾಜಿದೆ, ಎರಡು ದಿನ ತಡೆದು ಖರೀದಿ ಮಾಡಿ. ಕಾರ್ಡಿನ ಮೇಲೆ ಎರಡು ಸೀಲಿವೆ, ಹೊರಟ ಊರಿನದೊಂದು, ಮುಟ್ಟಿದ ಊರಿನದೊಂದು. ನಡುವೆ ಒಂದೇ ದಿನದ ಅಂತರ. ಅಂದರೆ 'ಎರಡು ದಿನ ತಡೆಯಿರಿ' ಅನ್ನುವ ಸಲಹೆ ಓದುವ ಹೊತ್ತಿಗೆ ಅರ್ಧ ಅವಧಿ ಮುಗಿದಿತ್ತು! ಇವತ್ತು ನಾವು ಮೊಬೈಲಿನಲ್ಲಿ ನಿಮಿಷಕ್ಕೊಂದು ರೇಟು ನೋಡುತ್ತೇವೆ. ಆ ಮನುಷ್ಯ ಅಂಚೆಯ ವೇಗವನ್ನೂ ಲೆಕ್ಕಕ್ಕೆ ಹಿಡಿದು ವ್ಯಾಪಾರ ಮಾಡುತ್ತಿದ್ದ. ಅವನ ಬುದ್ಧಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಇನ್ನೊಂದು 1972ರ ಕವರು, ಇಲ್ಲಿನ ಜವಳಿ ಅಂಗಡಿಯೊಂದರದು. ಕಾಗದಕ್ಕೆ ಬೇಕಾದ 20 ಪೈಸೆ ಚೀಟಿಯ ಜೊತೆ 5 ಪೈಸೆಯ ಇನ್ನೊಂದು ಚೀಟಿ ಇದೆ. ಅದರ ಮೇಲೆ ಕುಟುಂಬ ಯೋಜನೆಯ ಚಿತ್ರ, ಅದರ ಮೇಲೆ 'ರೆಫ್ಯೂಜಿ ರಿಲೀಫ್' ಅಂತ ಅಚ್ಚು. ಬಾಂಗ್ಲಾದಿಂದ ಬಂದ ನಿರಾಶ್ರಿತರಿಗಾಗಿ ಸರ್ಕಾರ 1971ರ ನವೆಂಬರ್ 15ರಿಂದ 1973ರ ಮಾರ್ಚ್‌ವರೆಗೆ ಈ ಹೆಚ್ಚುವರಿ 5 ಪೈಸೆ ಹಾಕಿತ್ತು. ಸೀರೆ ಬಾಕಿ ಕೇಳಲು ಬರೆದ ಕಾಗದದ ಮೇಲೂ ಬಾಂಗ್ಲಾ ಯುದ್ಧದ ಗುರುತು ಬಿದ್ದಿದೆ ನೋಡಿ.

ಪಿನ್ ಕೋಡ್ ಕೂಡ ಸುಮ್ನೆ ನಂಬರ್ ಅಲ್ಲ. ಅದು ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಹಾಗಾಗಿ ಇಬ್ಬರದೂ 577ರಿಂದಲೇ ಶುರು. ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅದಕ್ಕೆ 583131 ಬಂತು. 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾದಾಗ ಅದು ನಮ್ಮ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಪಿನ್ ಮಾತ್ರ ಅದೇ. ಹರಪನಹಳ್ಳಿಯ ಈ ಎಲ್ಲ ಕಾಲದ ಕವರುಗಳನ್ನು ಸಾಲಾಗಿ ಜೋಡಿಸಿದ್ದೇನೆ, ವಿಳಾಸದಲ್ಲಿ ಜಿಲ್ಲೆ ಹೆಸರು ಬದಲಾಗುತ್ತಾ ಹೋಗುತ್ತದೆ, ನಂಬರ್ ಹಾಗೇ ನಿಂತಿರುತ್ತದೆ. ಶಾಲೆ ಮಕ್ಕಳಿಗೆ ತೋರಿಸಿದರೆ ತಟ್ಟನೆ ಅರ್ಥವಾಗುತ್ತದೆ.

ನಾನು ತುಂಬಾ ಆಸೆಪಟ್ಟು ಹುಡುಕುತ್ತಿರುವುದು ಇನ್ನೂ ಹಿಂದಿನದು. 1889ರವರೆಗೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, ಆ ವರ್ಷ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ಸ್ವಂತ ಚೀಟಿ ಹೊರಡಿಸಿದವು, ಮೈಸೂರು ಹೊರಡಿಸಲಿಲ್ಲ. ಹಾಗಾಗಿ ಮೈಸೂರು ಅಂಚೆಯ ಕಾಗದದ ಮೇಲೆ ಚೀಟಿ ಹುಡುಕಿ ಪ್ರಯೋಜನ ಇಲ್ಲ, ಸೀಲನ್ನೇ ನೋಡಬೇಕು. ಎಷ್ಟೋ ಮನೆಗಳಲ್ಲಿ 'ಇದರ ಮೇಲೆ ಸ್ಟಾಂಪೇ ಇಲ್ಲ' ಅಂತ ಅಂಥ ಕಾಗದವನ್ನು ಬಚ್ಚಲ ಒಲೆಗೆ ಹಾಕಿರುತ್ತಾರೆ. ಚಿತ್ರದುರ್ಗ ಕಡೆಯ ಅಂಥದ್ದೊಂದು ಕಾಗದ ನೋಡಲು ಸಿಕ್ಕರೂ ಸಾಕು ನನಗೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಅಜ್ಜನ ಟ್ರಂಕು, ಅಂಗಡಿಯ ಅಟ್ಟ ತೆಗೆದಾಗ ಹಳೇ ಕಾಗದ ಸಿಕ್ಕರೆ ದಯವಿಟ್ಟು ಚೀಟಿಯನ್ನು ಕತ್ತರಿಸಬೇಡಿ, ನೀರಲ್ಲಿ ನೆನೆಸಿ ಬಿಡಿಸಬೇಡಿ. ಕವರಿನಿಂದ ಬಿಟ್ಟ ಚೀಟಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ. ಸೆಲ್ಲೋಟೇಪ್ ಹಚ್ಚಬೇಡಿ, ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ತೇವ ಇಲ್ಲದ ಕಡೆ ಒಂದು ರಟ್ಟಿನ ಡಬ್ಬದಲ್ಲಿ ಇಟ್ಟರೆ ಸಾಕು. ಕೊಡಲು ಮನಸ್ಸಿಲ್ಲದಿದ್ದರೂ ಪರವಾಗಿಲ್ಲ, ಮನೆತನದ ಕಾಗದ ಮನೆಯಲ್ಲೇ ಇರಲಿ. ಒಮ್ಮೆ ಅಂಗಡಿಗೆ ತಂದು ತೋರಿಸಿ, ಎರಡೂ ಬದಿಯ ಫೋಟೋ ತೆಗೆದುಕೊಂಡು ನಿಮ್ಮೆದುರಿಗೇ ವಾಪಸ್ ಕೊಡುತ್ತೇನೆ. ಮಧ್ಯಾಹ್ನ ಹರಾಜು ಮುಗಿದ ಮೇಲೆ ಬಂದರೆ ಕೂತು ಮಾತಾಡಲು ಪುರಸೊತ್ತು ಇರುತ್ತದೆ.