ಡೇಟಾ ಮುಗಿದ ಮೇಲಿನ ಸ್ಪೀಡು

ದಿನಕ್ಕೆ ಒಂದೂವರೆ ಜಿಬಿ ಪ್ಯಾಕು, ಸಂಜೆಗೇ ಖಾಲಿ. ಆಮೇಲೂ ‘ಅನ್‌ಲಿಮಿಟೆಡ್’ ಅಂತೆ, ಆದರೆ 64 ಕೆಬಿಪಿಎಸ್‌ನಲ್ಲಿ. ಅದು ಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಬರುವುದು ಬರೀ 8 ಕಿಲೋಬೈಟ್. ಅಕ್ಕ ಕಳಿಸಿದ ಮಗುವಿನ ಫೋಟೋ 2 ಎಂಬಿ ಇದ್ದರೆ ನಾಲ್ಕು ನಿಮಿಷಕ್ಕೂ ಜಾಸ್ತಿ ಬೇಕು. ಅಲ್ಲಿಯವರೆಗೆ ಮಸುಕು ಮುಖ, ಮೇಲೊಂದು ಸುತ್ತುವ ಚಕ್ರ. ಕೂಸು ನಗುತ್ತಿದೆಯೋ ಅಳುತ್ತಿದೆಯೋ, ದೇವರೇ ಬಲ್ಲ!

ಫೋನ್ ಲೈನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಹಳೇ ಡಯಲ್-ಅಪ್ ಕಾಲದಲ್ಲಿ 56 ಕೆಬಿಪಿಎಸ್ ಇತ್ತು, ಹೇಗೋ ಸಾಗುತ್ತಿತ್ತು. ಆಗಿನ ವೆಬ್ ಪುಟಗಳು ಹಗುರ. ಈಗಿನವು ಮದುವೆ ದಿಬ್ಬಣದ ಹಾಗೆ ಲಗೇಜು ಹೊತ್ತುಕೊಂಡೇ ಬರುತ್ತವೆ.

ಟವರ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಸಿಗ್ನಲ್ ಫುಲ್ ಇದೆ. ಕಂಪನಿಯವರು ನಿಧಾನ ಮಾಡಿರುವುದೇ ಬೇಕಂತ. ಟಾಪ್-ಅಪ್ ಹಾಕಿಸಲಿ ಅಂತ ತಾನೇ? ನಾನಂತೂ ಹಾಕಿಸಲ್ಲ. ಫೋಟೋ ನಾಳೆ ನೋಡಿದರಾಯ್ತು.